ಮುನ್ನೂರು ಮೀಟರಿನ ಕಾಶವ್ವ

ಎಲ್ಲ ಅವಾಂತರಕ್ಕೂ ಮೂಲ ಹನ್ನೊಂದು ಸೆಕೆಂಡಿನ ಒಂದು ಧ್ವನಿಮುದ್ರಣ. ಶುಕ್ರವಾರವೇ ಅದನ್ನು ತೆಗೆಯಬೇಕಿತ್ತು. ರುದ್ರೇಶ ತೆಗೆದಿರಲಿಲ್ಲ. ಸೋಮವಾರ ಬೆಳಿಗ್ಗೆ ಏಳೂವರೆಗೆ ಲಂಡನ್ನಿನ ಕೆಂಟನ್ ಬಡಾವಣೆಯ ಮನೆಯಿಂದ ಟ್ಯೂಬ್ ಸ್ಟೇಷನ್ನಿನ ಕಡೆಗೆ ನಡೆಯುತ್ತಿದ್ದಾಗ ಆಫೀಸಿನ ರಾಕೇಶನ ಫೋನ್ ಬಂತು.

“ಗುರು, ನಿಮ್ಮಮ್ಮ ಲೈವ್ ಆಗ್ಬಿಟ್ಟಿದಾರೆ.”

“ಏನಂದೆ?”

“ಟೆಸ್ಟಿಂಗಿಗೆ ಅಂತ ಹಾಕಿದ್ಯಲ್ಲ ಆ ವಾಯ್ಸು, ಅದು ಹಾಗೇ ಶುಕ್ರವಾರದ ರಿಲೀಸಲ್ಲಿ ಹೋಗಿದೆ. ನಲವತ್ತು ಸಾವಿರ ಜನರ ಫೋನಲ್ಲಿ ನಿಮ್ಮಮ್ಮ ಬೈತಾ ಕೂತಿದಾರೆ. ಫಿಯೋನಾ ಆರು ಗಂಟೆಯಿಂದ ಮೇಲ್ ಹಾಕ್ತಿದಾಳೆ. ಬೇಗ ಬಾ.”

ರುದ್ರೇಶ ಅಲ್ಲೇ ನಿಂತುಬಿಟ್ಟ.

ಅವನು ಕ್ಯಾನರಿ ವಾರ್ಫಿನ ಒಂದು ಕಂಪನಿಯಲ್ಲಿ ಆಪ್ ಬರೆಯುವವನು. ಹಿಂದಿನ ಪ್ರಾಜೆಕ್ಟು ನಾಯಿಗಳ ವಿಮೆಯದು. ಅದು ಮುಗಿದ ಮೇಲೆ ಯಾರೂ ಅವನ ಜಾತಕ ಕೇಳದೆ ಬೇಟೆಗಾರರ ಆಪಿಗೆ ಹಾಕಿದರು. ಬಂದೂಕಿನ ದುರ್ಬೀನಿಗೆ ಫೋನು ಜೋಡಿಸಿದರೆ ಸಾಕು. ಪ್ರಾಣಿ ಎಷ್ಟು ದೂರ, ಗಾಳಿ ಯಾವ ಕಡೆ, ಗುರಿಯನ್ನು ಎಷ್ಟು ಮೇಲಕ್ಕೆ ಎತ್ತಬೇಕು, ಎಲ್ಲವನ್ನೂ ಆಪೇ ಲೆಕ್ಕ ಹಾಕಿ ಹೇಳುತ್ತದೆ. ರುದ್ರೇಶನದು ಸೊಳ್ಳೆಯನ್ನೂ ಊದಿ ಓಡಿಸುವ ಮನೆತನ. ಆದರೂ ಲೆಕ್ಕ ಲೆಕ್ಕವೇ ಅಲ್ಲವೇ ಎಂದುಕೊಂಡು ಬರೆದುಕೊಟ್ಟಿದ್ದ.

ಮುನ್ನೂರು ಮೀಟರ್ ದಾಟಿದರೆ ಆಪ್ ಒಂದು ಎಚ್ಚರಿಕೆ ಕೊಡಬೇಕು ಎಂದು ಅಮೆರಿಕದ ಗ್ರಾಹಕ ಕಂಪನಿಯ ವಕೀಲರು ಬಯಸಿದ್ದರು. ಯಾರೂ ಓದದ ಸಣ್ಣ ಅಕ್ಷರದ ಒಂದು ಸಾಲು ಅವರ ಮನಸ್ಸಿನಲ್ಲಿತ್ತು. ರುದ್ರೇಶ ಅದನ್ನು ಧ್ವನಿ ಮಾಡಿದ. ಆ ಧ್ವನಿ ಮುಗಿಯುವವರೆಗೆ ಲೆಕ್ಕ ಕಾಣದಂತೆಯೂ ಮಾಡಿದ. ವೃತ್ತಿಪರ ಕಲಾವಿದರ ಧ್ವನಿ ಬರುವವರೆಗೆ ಪರೀಕ್ಷೆಗೆ ಏನಾದರೂ ಬೇಕಿತ್ತು. ನವಲಗುಂದದಿಂದ ಬಂದು ಸೋಫಾದ ಮೇಲೆ ಕಾಲು ಚಾಚಿದ್ದ ಅವ್ವ ಕಾಶವ್ವನ ಮುಂದೆ ಫೋನ್ ಹಿಡಿದು, “ಅವ್ವಾ, ದೂರ ನಿಂತು ನಾಯಿಗೆ ಕಲ್ಲು ಬೀರೋ ಹುಡುಗಗ ನೀ ಏನಂತೀ?” ಎಂದು ಕೇಳಿದ್ದ.

ಕಾಶವ್ವ ಯೋಚಿಸಲೇ ಇಲ್ಲ. “ಏ ಖೋಡಿ! ಕಾಲಾಗ ಮುಳ್ಳ ಮುರದೈತೇನು? ಹತ್ತರ ಹೋಗು, ಅದರ ಮುಖಾ ನೋಡು, ಆಮ್ಯಾಲ ಕೈ ಎತ್ತು ನೋಡೂಣು! ನಾಚಿಕಿ ಅನ್ನೂದರೆ ಐತಿಲ್ಲ ನಿನಗ?” ಎಂದಳು. ಈಗ ಅದೇ ಮಾತು ಅಮೆರಿಕದ ಕಾಡುಮೇಡುಗಳಲ್ಲಿ ಮೊಳಗುತ್ತಿತ್ತು.

“ಹ್ಯಾಕ್ ಆಯ್ತು ಅಂದ್ಬಿಡಿ,” ಎಂದಿತು ಪಕ್ಕದಿಂದ ಒಂದು ಧ್ವನಿ.

ಪಕ್ಕದ ಮನೆಯ ರಾಮಪ್ರಸಾದ್ ಮೈಸೂರಿನವರು, ನಿವೃತ್ತ ಕಣ್ಣಿನ ಡಾಕ್ಟರು. ಎಲ್ಲಿಗೂ ಹೋಗುವ ಕೆಲಸವಿಲ್ಲದಿದ್ದರೂ ದಿನವೂ ರುದ್ರೇಶನ ಜೊತೆ ಸ್ಟೇಷನ್ನಿನವರೆಗೆ ನಡೆದು ಬರುತ್ತಿದ್ದರು. ಸ್ಪೀಕರಿನಲ್ಲಿದ್ದ ಫೋನಿನ ಒಂದಕ್ಷರವನ್ನೂ ಬಿಟ್ಟಿರಲಿಲ್ಲ.

“ಸುಳ್ಳು ಹೇಳ್ಬೇಕಾ ಡಾಕ್ಟ್ರೇ?”

“ಸುಳ್ಳಲ್ಲಪ್ಪಾ, ಡಯಾಗ್ನೋಸಿಸ್. ನೋಡಿ, ನಿಮ್ಮ ವೀಸಾಗೆ ಸ್ಪಾನ್ಸರ್ ಯಾರು? ಕಂಪನಿ. ಈ ದೇಶದಲ್ಲಿ ಪರ್ಮನೆಂಟ್ ಆಗೋಕೆ ಇನ್ನೆಷ್ಟು ತಿಂಗಳು? ಐದು. ಕೆಲಸ ಹೋದ್ರೆ ಹೆಂಡ್ತಿ, ಮಗಳು ಎಲ್ಲರನ್ನೂ ಕರ್ಕೊಂಡು ಗಂಟುಮೂಟೆ ಕಟ್ಟಬೇಕು. ಧೃತಿ ಈಗಷ್ಟೇ ಸ್ಕೂಲಿಗೆ ಒಗ್ಗಿಕೊಂಡಿದಾಳೆ. ಹ್ಯಾಕ್ ಅಂತ ಹೇಳಿ, ಮುಗಿಸಿ.”

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ರೈಲಿನಲ್ಲಿ ಕುಳಿತ ರುದ್ರೇಶ ಆ ಐದು ತಿಂಗಳನ್ನು ಬೆರಳಲ್ಲಿ ಎಣಿಸಿ ನೋಡಿದ.

ಆಫೀಸಿನಲ್ಲಿ ಮ್ಯಾನೇಜರ್ ಫಿಯೋನಾ ಕೂಗಾಡಲಿಲ್ಲ. ಅವಳು ನಗುನಗುತ್ತಲೇ ಮಾತಾಡುವವಳು, ಅದಕ್ಕೇ ಎಲ್ಲರೂ ಹೆದರುತ್ತಿದ್ದರು. “ಸಂಜೆ ನಾಲ್ಕಕ್ಕೆ ಗ್ರಾಹಕ ಕಂಪನಿಯ ಮಿಸ್ಟರ್ ಕೋಲ್ಬಿ ವೀಡಿಯೋ ಕಾಲಿಗೆ ಬರುತ್ತಾರೆ. ಅಷ್ಟರೊಳಗೆ ಆ ಧ್ವನಿ ಹೋಗಬೇಕು, ಲೆಕ್ಕ ಮರೆಮಾಡುವ ಆ ತಡೆಯೂ ಹೋಗಬೇಕು. ನೀನು ಕ್ಷಮೆ ಕೇಳಬೇಕು. ಇಲ್ಲದಿದ್ದರೆ ನಿನ್ನ ಕೆಲಸ ಉಳಿಸುವುದು ನನ್ನ ಕೈಲಿಲ್ಲ,” ಎಂದಳು.

ರಾಕೇಶ ಕುರ್ಚಿ ತಳ್ಳಿಕೊಂಡು ಹತ್ತಿರ ಬಂದ. “ಟೆಸ್ಟಿಂಗ್ ಟೀಮ್ ಮೇಲೆ ಹಾಕ್ಬಿಡು ಗುರು. ಪುಣೆಯಲ್ಲಿದಾರೆ, ಅವರಿಗೆ ಅಭ್ಯಾಸ ಆಗೋಗಿದೆ.”

ರುದ್ರೇಶ ಕಂಪ್ಯೂಟರ್ ತೆರೆದ. ಅಳಿಸುವುದಕ್ಕೆ ಎರಡು ನಿಮಿಷವೂ ಬೇಡ. ಆದರೆ ತಡೆಯ ಸಾಲಿನ ಮೇಲೆ ಅವನೇ ಹಿಂದೆ ಬರೆದಿಟ್ಟಿದ್ದ ಒಂದು ದೂರಿನ ಸಂಖ್ಯೆ ಕಣ್ಣಿಗೆ ಬಿತ್ತು.

ಆ ದೂರು ಕಳಿಸಿದವನು ಯಾರೋ ಬೇಟೆಗಾರ. ನಿಮ್ಮ ಆಪಿನ ಲೆಕ್ಕ ತಪ್ಪು ಎಂದು ಬರೆದಿದ್ದ. ಏಳುನೂರ ನಲವತ್ತು ಮೀಟರ್ ದೂರದಲ್ಲಿ ಎಲ್ಕ್ ಎಂಬ ದೊಡ್ಡ ಕಡವೆ ನಿಂತಿತ್ತು, ಎದೆಗೆ ಗುರಿಯಿಟ್ಟೆ, ಗುಂಡು ಹೊಟ್ಟೆಗೆ ಬಿತ್ತು, ಪ್ರಾಣಿ ಓಡಿಹೋಯಿತು, ಎರಡು ದಿನ ಹುಡುಕಿದರೂ ಸಿಗಲಿಲ್ಲ, ನಿಮ್ಮ ಆಪ್ ಸರಿಮಾಡಿ. ರುದ್ರೇಶ ಮೂರು ಸಲ ಲೆಕ್ಕ ಮಾಡಿದ್ದ. ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಗುಂಡು ಅಷ್ಟು ದೂರ ಮುಟ್ಟಲು ಒಂದು ಸೆಕೆಂಡಿಗೂ ತುಸು ಹೆಚ್ಚು ಬೇಕು. ಆ ಹೊತ್ತಿನಲ್ಲಿ ಕಡವೆ ಒಂದು ಹೆಜ್ಜೆ ಮುಂದಿಟ್ಟಿತ್ತು, ಅಷ್ಟೇ. ಮೇಯುವ ಪ್ರಾಣಿ ಇಡುವಂಥ ಒಂದು ಹೆಜ್ಜೆ. ‘ದೋಷವಿಲ್ಲ’ ಎಂದು ಬರೆದು ದೂರನ್ನು ಮುಚ್ಚಿದ್ದ. ಹಾಗೆ ಬರೆದದ್ದಕ್ಕೆ ಅವನಿಗೆ ಇವತ್ತಿಗೂ ನಾಚಿಕೆಯಾಗುತ್ತಿತ್ತು; ಮುನ್ನೂರರ ಆ ತಡೆ ಹಾಕಿದ್ದೂ ಅದಕ್ಕೇ.

“ತೆಗೆಯೋದಿಲ್ಲ,” ಎಂದ ರುದ್ರೇಶ, ಗಟ್ಟಿಯಾಗಿ.

ಸುತ್ತಲಿನ ನಾಲ್ಕು ತಲೆಗಳು ತಿರುಗಿದವು. ರಾಕೇಶ ಗಾಬರಿಯಾಗಿ, “ಲೋ, ನೀನು ಪುಳಿಚಾರು ಗಿರಾಕಿ, ಮಾಂಸ ಮುಟ್ಟೋನಲ್ಲ. ಹತ್ತಿರದಿಂದ ಹೊಡೆದ್ರೂ ಸಾಯತ್ತೆ, ದೂರದಿಂದ ಹೊಡೆದ್ರೂ ಸಾಯತ್ತೆ. ನಿಂಗ್ಯಾಕೆ?” ಎಂದ.

“ಹೊಡೀಬೇಡಿ ಅಂದ್ರೆ ನನ್ನ ಮಾತು ಯಾರು ಕೇಳ್ತಾರೆ? ಹೊಡೆಯೋನ ಕಾಲಾದ್ರೂ ನೋಯಲಿ. ಹತ್ತಿರ ಹೋದ್ರೆ ಅದಕ್ಕೆ ವಾಸನೆ ಸಿಗತ್ತೆ, ಸದ್ದು ಕೇಳತ್ತೆ, ಓಡೋಕೆ ಒಂದು ದಾರಿ ಇರತ್ತೆ. ಮುಕ್ಕಾಲು ಕಿಲೋಮೀಟರ್ ದೂರದಲ್ಲಿ ಚಾಪೆ ಹಾಸ್ಕೊಂಡು, ಫೋನ್ ಹೇಳಿದ ಹಾಗೆ ಬೆರಳು ಒತ್ತೋದು ಬೇಟೆ ಏನೋ? ಅದು ಫುಡ್ ಡೆಲಿವರಿ.”

“ವೀಸಾ?”

“ಹೋಗ್ಲಿ,” ಎಂದ ರುದ್ರೇಶ. ಹಾಗೆಂದ ಮೇಲೆ ಒಂದು ಲೋಟ ನೀರು ಕುಡಿದ. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮೂರೂವರೆಗೆ ರಿಸೆಪ್ಷನ್ನಿನಿಂದ ಕರೆ ಬಂತು. ಕೆಳಗೆ ಹೋಗಿ ನೋಡಿದರೆ ಇಳಕಲ್ ಸೀರೆಯ ಮೇಲೆ ಸೊಸೆಯ ಕಪ್ಪು ಕೋಟು, ತಲೆಗೆ ಉಣ್ಣೆಯ ಟೋಪಿ, ಕೊರಳಲ್ಲಿ ಸಂದರ್ಶಕರ ಚೀಟಿ ತೊಟ್ಟು ಕಾಶವ್ವ ನಿಂತಿದ್ದಳು. ಹಿಂದೆ ರಾಮಪ್ರಸಾದ್ ಅಪರಾಧಿಯಂತೆ ನಗುತ್ತಿದ್ದರು.

“ನಾನೇನೂ ಹೇಳ್ಲಿಲ್ಲಪ್ಪಾ. ನಿಮ್ಮ ಮಾತು ತೆಗೀತಾರಂತೆ ಅಂದೆ, ಅಷ್ಟೇ. ಕೋಟು ಹಾಕ್ಕೊಂಡು ಹೊರಟೇಬಿಟ್ರು.”

“ಯಾಂವಲೇ ಅಂವಾ ನನ್ನ ಮಾತು ತಗ್ಯಾಂವಾ?” ಎಂದಳು ಕಾಶವ್ವ. ಒಳಬಿಡುವ ಗೇಟಿನ ಹತ್ತಿರವಿದ್ದ ಸೆಕ್ಯುರಿಟಿಯವನು ಭಾಷೆ ತಿಳಿಯದಿದ್ದರೂ ಎರಡು ಹೆಜ್ಜೆ ಹಿಂದೆ ಸರಿದ. “ನಾ ಹೇಳಿದ್ದರಾಗ ಸುಳ್ಳೇನೈತಿ?”

ರುದ್ರೇಶ ಅವ್ವನನ್ನು ಕೂರಿಸಿ ಎಲ್ಲವನ್ನೂ ಹೇಳಿದ. ಬೈದದ್ದು ಕಲ್ಲು ಬೀರುವ ಹುಡುಗನಿಗಲ್ಲ, ಬಂದೂಕು ಹಿಡಿದ ದೊಡ್ಡವರಿಗೆ ಎಂದ. ಕಡವೆಯ ಒಂದು ಹೆಜ್ಜೆಯನ್ನೂ ಹೇಳಿದ. ಕಾಶವ್ವ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಳು.

“ಹಂಗಾರ ನಾ ಭಾಳ ಕಮ್ಮಿ ಬೈದೆ,” ಎಂದಳು. “ನಡಿ ಮ್ಯಾಲ. ನೀ ಹೆದರಬ್ಯಾಡ. ಕೆಲಸಾ ಹೋದ್ರ ಹೋತು, ದುಡದ ತಿನ್ನಾಕ ಕೈ ಅದಾವು.”

ಮೇಲೆ ಅವರನ್ನು ಕಂಡ ಫಿಯೋನಾಗೆ ಮೊದಲು ಆಶ್ಚರ್ಯ, ಆಮೇಲೆ ಖುಷಿ. ಇಂಥ ಹಿರಿಯರು ಎದುರಿಗಿದ್ದರೆ ಕೋಲ್ಬಿ ಸ್ವಲ್ಪ ಮೆತ್ತಗಾದಾನು ಎಂದು ಲೆಕ್ಕ ಹಾಕಿ, ಕಾಶವ್ವನನ್ನು ಕ್ಯಾಮೆರಾಕ್ಕೆ ಎದುರಾಗಿ ಕೂರಿಸಿದಳು. ಕಾಶವ್ವನ ಚೀಲಕ್ಕೂ ಒಂದು ಕುರ್ಚಿ ಸಿಕ್ಕಿತು, ರಾಮಪ್ರಸಾದರಿಗೆ ಸಿಗಲಿಲ್ಲ.

“ತೆಗೆದೆಯಾ?” ಎಂದು ಫಿಯೋನಾ ರುದ್ರೇಶನನ್ನು ಕೇಳಿದಳು.

“ಮೀಟಿಂಗಿನಲ್ಲಿ ಹೇಳುತ್ತೇನೆ,” ಎಂದ ರುದ್ರೇಶ.

ನಾಲ್ಕು ಗಂಟೆಗೆ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕೋಲ್ಬಿ ಕಾಣಿಸಿಕೊಂಡ. ಅಗಲವಾದ ಟೋಪಿ, ಅಗಲವಾದ ಮೀಸೆ, ಬೆನ್ನ ಹಿಂದಿನ ಗೋಡೆಯಲ್ಲಿ ಸಾಲಾಗಿ ಕೊಂಬಿನ ತಲೆಗಳು.

“ಏ ರುದ್ರಾ, ಗ್ವಾಡಿ ಮ್ಯಾಲ ತಲಿ ಅದಾವು, ಮುಂಡ ಎಲ್ಲಿ ಹೋದ್ವು?” ಎಂದು ಕಾಶವ್ವ ಕೇಳಿದಳು. ಪರದೆಯ ಮೂಲೆಯಲ್ಲಿ ಮೀಟಿಂಗ್ ರೆಕಾರ್ಡ್ ಆಗುತ್ತಿದೆ ಎನ್ನುವ ಕೆಂಪು ಚುಕ್ಕೆ ಮಿನುಗುತ್ತಿತ್ತು.

ಫಿಯೋನಾ ಬಾಯಿ ತೆರೆಯುವ ಮೊದಲೇ ರುದ್ರೇಶ ಎದ್ದು ನಿಂತ. “ಮಿಸ್ಟರ್ ಕೋಲ್ಬಿ, ಆ ಧ್ವನಿ ಹೋದದ್ದು ನನ್ನ ಕೈತಪ್ಪಿನಿಂದ. ಹ್ಯಾಕ್ ಅಲ್ಲ, ಬೇರೆ ಯಾರ ತಪ್ಪೂ ಅಲ್ಲ. ಆದರೆ ಆ ತಡೆಯನ್ನು ನಾನು ಬೇಕೆಂದೇ ಹಾಕಿದ್ದು. ತೆಗೆದಿಲ್ಲ, ತೆಗೆಯುವುದೂ ಇಲ್ಲ. ನನ್ನ ಲೆಕ್ಕ ಗುಂಡಿನದು ಮಾತ್ರ, ಪ್ರಾಣಿ ಮುಂದಿಡುವ ಹೆಜ್ಜೆಯ ಲೆಕ್ಕ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅಷ್ಟು ದೂರದಿಂದ ಹೊಡೆದು, ಹೊಟ್ಟೆಗೆ ಬಿದ್ದು, ಅದು ಎಲ್ಲೋ ಹೋಗಿ ಎರಡು ದಿನ ನರಳಿ ಸತ್ತರೆ, ಅದಕ್ಕೆ ನನ್ನ ಲೆಕ್ಕ ಸಾಕ್ಷಿಯಾಗಬಾರದು. ನನ್ನನ್ನು ಕೆಲಸದಿಂದ ತೆಗೆಯಿರಿ. ಅದನ್ನು ತೆಗೆಯಬೇಡಿ.”

ಫಿಯೋನಾಳ ನಗು ಗೋಡೆಗೆ ಹೊಡೆದ ಸುಣ್ಣದಂತೆ ಮುಖದ ಮೇಲೆ ಒಣಗಿತು. ರಾಮಪ್ರಸಾದ್ ಕಣ್ಣು ಮುಚ್ಚಿಕೊಂಡರು. ಗಾಜಿನಾಚೆ ನಿಂತಿದ್ದ ರಾಕೇಶ ತಲೆಯ ಮೇಲೆ ಕೈ ಹೊತ್ತ. ಮಗ ಏನಂದನೋ ತಿಳಿಯದಿದ್ದರೂ ಅವನು ನಿಂತ ರೀತಿ ನೋಡಿ ಕಾಶವ್ವನ ಬೆನ್ನು ನೆಟ್ಟಗಾಯಿತು.

ಕೋಲ್ಬಿ ಟೋಪಿ ತೆಗೆದು ಮೇಜಿನ ಮೇಲಿಟ್ಟ.

“ಅದನ್ನು ತೆಗೆಯಿರಿ ಅಂದವರು ಯಾರು?” ಎಂದ.

ಎಲ್ಲರೂ ಫಿಯೋನಾಳ ಕಡೆ ತಿರುಗಿದರು.

“ಮೊದಲ ದಿನ ನಮ್ಮ ವಕೀಲರು ಕೂಗಾಡಿದ್ದು ನಿಜ. ಆಮೇಲೆ ಲೆಕ್ಕ ನೋಡಿದೆವು. ಮೊದಲು ನೂರರಲ್ಲಿ ಹನ್ನೊಂದು ಜನ ಮುನ್ನೂರು ಮೀಟರ್ ದಾಟಿ ಹೊಡೆಯುತ್ತಿದ್ದರು. ಈ ಮೂರು ದಿನದಲ್ಲಿ ಎಷ್ಟು ಗೊತ್ತೇ? ಅರವತ್ತನಾಲ್ಕು! ಎಲ್ಲರಿಗೂ ಅಜ್ಜಿಯ ಕೈಲಿ ಬೈಸಿಕೊಳ್ಳಬೇಕು. ಬೈಸಿಕೊಂಡದ್ದನ್ನು ವೀಡಿಯೋ ಮಾಡಿ ಹಾಕುತ್ತಾರೆ, ಯಾರು ಹೆಚ್ಚು ದೂರದಿಂದ ಬೈಸಿಕೊಂಡರು ಅಂತ ಪಂದ್ಯ ನಡೆದಿದೆ. ನಿನ್ನೆ ನನ್ನ ತಮ್ಮ ಇನ್ನೂರು ಮೀಟರಿನಲ್ಲಿ ನಿಂತಿದ್ದ ಕಡವೆಯನ್ನು ನೋಡಿ, ನೂರೈವತ್ತು ಹೆಜ್ಜೆ ಹಿಂದಕ್ಕೆ ನಡೆದು ಹೋಗಿ ಹೊಡೆದ. ಯಂಗ್ ಮ್ಯಾನ್, ನೀನು ಹಠ ಹಿಡಿದದ್ದು ಒಳ್ಳೆಯದಾಯಿತು.”

ರುದ್ರೇಶ ಕಟ್ಟಿದ ಬೇಲಿಯನ್ನು ಇವರು ಹಾರುವ ಆಟಕ್ಕೆ ಇಟ್ಟುಕೊಂಡಿದ್ದರು. “ಸಿಕ್ಕಿತೇ?” ಎಂದು ಕೇಳಿದ.

“ಏನು?”

“ನಿಮ್ಮ ತಮ್ಮ ಹೊಡೆದದ್ದು.”

“ಓ, ಅದಾ? ಇನ್ನೂ ಹುಡುಕುತ್ತಿದ್ದಾರೆ.”

“ಹಾಗಾದರೆ ತೆಗೆಯುತ್ತೇನೆ,” ಎಂದ ರುದ್ರೇಶ, ಮೇಜಿನ ಮೇಲಿನ ಲ್ಯಾಪ್‌ಟಾಪ್ ಎಳೆದುಕೊಳ್ಳುತ್ತ. “ಈಗಲೇ ತೆಗೆಯುತ್ತೇನೆ.”

ಫಿಯೋನಾಳ ಕೈ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಬಂದು ಕೂತಿತು. ನಗು ಮತ್ತೆ ಹಸಿಯಾಗಿತ್ತು. “ಅದನ್ನು ಮುಟ್ಟಿದರೆ ನಿನ್ನ ಕೆಲಸ ಉಳಿಸುವುದು ನನ್ನ ಕೈಲಿಲ್ಲ ರುದ್ರೇಶ್,” ಎಂದಳು. ಆಮೇಲೆ ಪರದೆಯ ಕಡೆ ತಿರುಗಿ, ಇನ್ನು ಮುಂದೆ ಪ್ರತಿ ನೂರು ಮೀಟರಿಗೂ ಒಂದೊಂದು ಹೊಸ ಬೈಗುಳ, ದೂರ ಹೆಚ್ಚಿದಷ್ಟೂ ಖಾರ ಹೆಚ್ಚು, ಇಡೀ ವಿಭಾಗಕ್ಕೆ ರುದ್ರೇಶನೇ ಮುಖ್ಯಸ್ಥ ಎಂದು ಘೋಷಿಸಿದಳು. ರಾಮಪ್ರಸಾದ್ ಕಣ್ಣು ಬಿಟ್ಟು ಚಪ್ಪಾಳೆ ತಟ್ಟಿದರು.

“ಏನಂತೋ?” ಎಂದಳು ಕಾಶವ್ವ. “ಯಾಕ ನಗ್ತಾರ ಎಲ್ಲಾರೂ?”

ರುದ್ರೇಶ ಹೇಳಿದ. ಹಿಂದಕ್ಕೆ ನಡೆದ ತಮ್ಮನನ್ನೂ ಬಿಡಲಿಲ್ಲ.

ಕಾಶವ್ವ ಎದ್ದಳು. ಉಣ್ಣೆಯ ಟೋಪಿ ಕಿತ್ತು ಮೇಜಿಗೆ ಬಡಿದಳು. “ಏ ಮೀಸಿ ಹೊತ್ತಾಂವಾ! ನಿಮ್ಮವ್ವ ನಿನಗ ಹಾಲು ಕುಡಿಸ್ಯಾಳೋ, ಇಲ್ಲಾ ಕಲಗಚ್ಚು ಕುಡಿಸ್ಯಾಳೋ? ಅದು ಹುಲ್ಲು ತಿಂದ್ರ ನಿನ್ನ ಅಪ್ಪನ ಗಂಟೇನು ಹೋಕ್ಕೈತಿ? ಎದುರಿಗೆ ನಿಂದ್ರಾಕ ಎದಿ ಇಲ್ಲ, ಹಿಂದಕ್ಕ ಸರದ ಹೊಡಿತಾರಂತ ಹೇಡಿಗಳು! ಹುಡುಕ ಹೋಗು ಮೊದಲ ಅದನ್ನ! ಕುರ್ಚಿ ಮ್ಯಾಲ ಕುಂತ ಹಲ್ಲ ಕಿಸೀಬ್ಯಾಡ, ಎದ್ದ ಹೋಗು!”

ಇದು ಆರಂಭ ಮಾತ್ರ. ಒಟ್ಟು ಮೂರು ನಿಮಿಷ ನಡೆಯಿತು. ರುದ್ರೇಶನಿಗೆ ಎದೆ ತುಂಬಿ ಬಂತು. ಬೆಳಗಿನಿಂದ ತಾನು ಹೇಳಬೇಕೆಂದಿದ್ದುದೆಲ್ಲ ಅವ್ವನ ಬಾಯಲ್ಲಿತ್ತು.

ಕೋಲ್ಬಿಯ ಕಣ್ಣಲ್ಲಿ ನೀರು. ನಕ್ಕು ನಕ್ಕು ಬಂದ ನೀರು. ಅವನು ಹೆಬ್ಬೆರಳು ಎತ್ತಿ ತೋರಿಸಿದ. “ಇದೇ! ಇದೇ ಬೇಕಿದ್ದದ್ದು! ಮೀಟಿಂಗ್ ರೆಕಾರ್ಡ್ ಆಗುತ್ತಿದೆ ತಾನೇ? ಇದು ಸಾವಿರ ಮೀಟರಿಗೆ. ಗ್ರ್ಯಾಂಡ್‌ಮಾ, ಇನ್ನೂ ಸ್ವಲ್ಪ, ಪ್ಲೀಸ್! ಹದಿನೈದುನೂರಕ್ಕೂ ಒಂದು ಬೇಕು!”

ಕಾಶವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಾಯಿ ತೆರೆದಳು. ರುದ್ರೇಶ ಅವಳ ಕೈ ಹಿಡಿದುಕೊಂಡ.

“ಅವ್ವಾ, ಸುಮ್ನಿರು. ನೀ ಎಷ್ಟ ಬೈತೀಯೋ, ಅವರು ಅಷ್ಟ ದೂರ ಹೋಗ್ತಾರ.”

ಎಪ್ಪತ್ತೊಂದು ವರ್ಷಗಳಲ್ಲಿ ಅತ್ತೆಯಿಂದ ಆಗದ್ದು, ಗಂಡನಿಂದ ಆಗದ್ದು, ನವಲಗುಂದದ ಪೊಲೀಸ್ ಠಾಣೆಯಿಂದಲೂ ಆಗದ್ದು ಅಲ್ಲಿ ಆಯಿತು. ಕಾಶವ್ವ ಬಾಯಿ ಮುಚ್ಚಿದಳು. ಮುಚ್ಚಿ, ಕೋಲ್ಬಿಯನ್ನೇ ನೋಡುತ್ತ ಕೂತಳು. ಫಿಯೋನಾ ನಗುತ್ತ ಸನ್ನೆ ಮಾಡಿದಳು, ರಾಮಪ್ರಸಾದ್ “ಮಾತಾಡಿ ಅಮ್ಮಾ, ಒಳ್ಳೇ ಚಾನ್ಸು” ಎಂದು ಕಿವಿಯಲ್ಲಿ ಉಸುರಿದರು. ಅವಳು ಕದಲಲಿಲ್ಲ.

ಅರ್ಧ ನಿಮಿಷವಾಯಿತು. ಕೋಲ್ಬಿಯ ನಗು ನಿಂತಿತು. ತನ್ನ ಕಡೆಯ ಸೌಂಡೇ ಹೋಯಿತೇನೋ ಎಂದುಕೊಂಡು ಅವನು ಸ್ಪೀಕರಿನ ಗುಂಡಿ ಒತ್ತಿ ನೋಡಿದ, ಕುರ್ಚಿ ಬಿಟ್ಟು ಎದ್ದ, ಕೊಂಬಿನ ತಲೆಗಳೆಲ್ಲ ಮರೆಯಾಗುವಷ್ಟು ಹತ್ತಿರ ಬಂದು, ಕಾಶವ್ವನ ಮುಖವನ್ನೇ ನೋಡುತ್ತ, “ಹಲೋ? ಗ್ರ್ಯಾಂಡ್‌ಮಾ?” ಎಂದ.