ಹೆಲ್ದುರ್ ಒರೆಸಿಕೊಂಡ ಮಸಿ

ಎಲ್ಲದಕ್ಕೂ ಕಾರಣ ಹೊಗೆಗೂಡಿನ ಮಸಿ. ಎಸ್ಟೋನಿಯಾದ ಕಡಲತಡಿಯ ಆ ಪುಟ್ಟ ಊರಿನಲ್ಲಿ ಹೆಚ್ಚಿನವರು ಹೆಸರಿಗೆ ಲೂಥರನ್ ಪಂಥದವರು; ಕ್ಯಾಥೊಲಿಕರು ಇದ್ದದ್ದೇ ಹನ್ನೊಂದು ಜನ. ಹಳೆಯ ಬೇಕರಿಯೊಂದನ್ನು ಬಾಡಿಗೆಗೆ ಹಿಡಿದು ಪ್ರಾರ್ಥನೆ ನಡೆಸುತ್ತಿದ್ದರು. ಅಲ್ಲಿನ ಒಲೆ ವಿಪರೀತ ಹೊಗೆ ಕಾರುತ್ತಿದೆಯೆಂದು ಶನಿವಾರ ಬೆಳಗ್ಗೆ ಹೊಗೆಗೂಡು ಗುಡಿಸುವ ಹೆಲ್ದುರನನ್ನು ಕರೆಸಿದರು. ಕೆಲಸ ಮುಗಿಸಿದ ಹೆಲ್ದುರ್ ಹೊಸ್ತಿಲಲ್ಲಿ ನಿಂತು ಮಸಿ ಒರೆಸಿಕೊಂಡ: ಮೊದಲು ಹಣೆ, ಆಮೇಲೆ ಎದೆ, ಎಡಭುಜ, ಬಲಭುಜ.

ಎದುರುಮನೆಯ ಮಾಯ್ಮು ಅಜ್ಜಿ ಕಿಟಕಿಯಿಂದ ನೋಡಿದಳು. ಅಷ್ಟೇ ಸಾಕಾಯಿತು.

ಹೆಲ್ದುರ್ ಮೀನಿನಂಗಡಿ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು.

"ಏನಯ್ಯಾ, ಶಿಲುಬೆ ಗುರುತು ಹಾಕ್ಕೊಂಡ್ಯಂತೆ? ಪೋಪ್ ಸಾಹೇಬ್ರು ಆರಾಮಾ?" ಎಂದ ಅಂಗಡಿಯ ಕಾರ್ಲ.

"ಒಲೆ ಕ್ಲೀನ್ ಮಾಡೋಕ್ ಹೋಗಿದ್ದೆ ಮಾರಾಯ!"

"ಮೊದಮೊದ್ಲು ಎಲ್ರೂ ಹಾಗೇ ಹೇಳೋದು."

ಬೀದಿಯಲ್ಲಿ ಲೂಥರನ್ ಪಾಸ್ಟರ್ ಸೈಕಲ್ಲಿನಿಂದ ಇಳಿದರು. ಅವರ ಕಣ್ಣಂಚು ಒದ್ದೆಯಾಗಿತ್ತು. "ಇಪ್ಪತ್ತು ವರ್ಷದಿಂದ ನಮ್ಮ ಚರ್ಚಿನ ಮೆಟ್ಲು ಹತ್ತಿಲ್ಲ ನೀನು. ಅಷ್ಟು ನಿಯತ್ತಾಗಿ ಬರದೇ ಇರೋನು ನಮ್ಮೋನೇ ಅಂತ ನಂಬಿದ್ನಲ್ಲಪ್ಪಾ!"

ಮನೆಗೆ ಬಂದರೆ ಹೆಂಡತಿ ಐತಾ ಇಲ್ಲ, ಒಲೆಯ ಮೇಲೆ ಗಂಜಿಯೂ ಇಲ್ಲ. ತವರಿಗೇ ಹೊರಟುಹೋದಳೋ ಏನೋ ಎಂದುಕೊಂಡ ಹೆಲ್ದುರ್. ಇನ್ನು ತಡೆಯಲಾಗದು, ಕ್ಯಾಥೊಲಿಕರ ಫಾದರ್ ಬಾಯಿಂದಲೇ ಸತ್ಯ ಹೇಳಿಸುತ್ತೇನೆಂದು ಸಂಜೆಯ ಪೂಜೆಗೆ ಸರಿಯಾಗಿ ಬೇಕರಿಗೆ ಓಡಿದ.

ಒಳಗೆ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ! ಹೆಲ್ದುರನಂಥ ಹೆಲ್ದುರನನ್ನೇ ಬುಟ್ಟಿಗೆ ಹಾಕಿಕೊಂಡದ್ದು ಏನೆಂದು ನೋಡಲು ಊರೇ ಬಂದಿತ್ತು. ಅಲ್ಲಿ ಹಂಚುತ್ತಿದ್ದ ಕಾಫಿ, ಗಸಗಸೆ ಕೇಕಿಗೆ ಮನಸೋತು ಕೂತೂ ಬಿಟ್ಟಿತ್ತು.

ಪೋಲೆಂಡಿನ ಫಾದರ್ ವೋಯ್ಚೆಕ್ ಓಡಿಬಂದು ತಬ್ಬಿಕೊಂಡರು. "ಮೂರು ವರ್ಷ ಗಂಟ್ಲು ಹರ್ಕೊಂಡ್ರೂ ನನ್ನ ಕೈಲಾಗದ್ದನ್ನ ಒಂದೇ ದಿನದಲ್ಲಿ ಮಾಡಿದ್ರಲ್ಲ ಹೆಲ್ದುರ್!"

"ಎಲ್ರೂ ಕೇಳ್ರಪ್ಪಾ!" ಹೆಲ್ದುರ್ ಬೆಂಚು ಹತ್ತಿ ಕೂಗಿದ. "ನಾನು ಕ್ಯಾಥೊಲಿಕ್ ಅಲ್ಲ!"

ಹಿಂದಿನ ಸಾಲಿನಿಂದ ಐತಾ ಎದ್ದಳು. "ಅಲ್ವಾ? ಅಯ್ಯೋ ರೀ, ಗಂಡ ಹೆಂಡ್ತಿ ಒಂದೇ ಕಡೆ ಇರ್ಲಿ ಅಂತ ಈಗಷ್ಟೇ ನನ್ ಹೆಸ್ರು ಬರೆಸ್ದೆ!"

"ಹಾಗಾದ್ರೆ ತೆಗೆಸ್ಬಿಡು!"

"ಅದ್ಹೇಗಾಗತ್ತೆ? ಹಾಡೋ ಗುಂಪಿಗೂ ಸೇರಿಯಾಯ್ತು. ನಂಗಿಲ್ಲಿ ಇಷ್ಟವಾಗಿದೆ."

"ನೋಡಿದ್ರಾ?" ಮಾಯ್ಮು ಅಜ್ಜಿ ಬಾಯಿತುಂಬ ಕೇಕಿನೊಂದಿಗೆ ಮರುಗಿದಳು. "ಪಾಪ, ಹೆಂಡ್ತೀನ ಒಳಗ್ ತಳ್ಳಿ ತಾನ್ ಜಾರ್ಕೊಂಡ!"

ಭಾನುವಾರ ಬೆಳಗಾಗುವಷ್ಟರಲ್ಲಿ ಊರಿನ ಕ್ಯಾಥೊಲಿಕರ ಸಂಖ್ಯೆ ಹತ್ತೊಂಬತ್ತಕ್ಕೇರಿತ್ತು. ಹೆಲ್ದುರನಿಗೆ ಮಾತ್ರ ಒಂದೇ ದಿನದಲ್ಲಿ ಎರಡೆರಡು ಚರ್ಚು ಬಿಟ್ಟವನೆಂಬ ಹೆಸರು ಖಾಯಮ್ಮಾಯಿತು.