ಸ್ಪೇನಿನ ಬೆಟ್ಟಕ್ಕೆ ಭಾವನ ಕಾರ್ಟನ್

ದಕ್ಷಿಣ ಸ್ಪೇನಿನಲ್ಲಿ ಕಡಲಿಗೆ ಹತ್ತಿರವಾಗಿ ಒಂದು ಬೆಟ್ಟಸೀಮೆ ಇದೆ. ಅದರ ಬಗ್ಗೆ ನನ್ನ ಭಾವನಷ್ಟು ಬಲ್ಲವರು ಇಡೀ ಕತಾರಿನಲ್ಲಿ ಇರಲಿಲ್ಲ. ಸ್ಪೇನಿನಲ್ಲಾದರೂ ಇದ್ದರೋ ಇಲ್ಲವೋ! ಅವರ ಪಾಂಡಿತ್ಯದಲ್ಲಿದ್ದ ಕೊರತೆ ಒಂದೇ. ಅವರು ಅಲ್ಲಿಗೆ ಹೋಗಿರಲಿಲ್ಲ.

ತೊಂಬತ್ತರ ದಶಕದ ಮಾತು. ಭಾವ ಕತಾರಿನ ದುಖಾನ್ ಅನ್ನುವ ಊರಿನ ಎಣ್ಣೆ ಕಂಪನಿಯಲ್ಲಿದ್ದರು. ಅಕ್ಕ ಯಾವುದೋ ಕ್ಯಾಲೆಂಡರಿನಲ್ಲಿ ಆ ಬೆಟ್ಟದ ಚಿತ್ರ ನೋಡಿ, "ಒಂದ್ಸಲ ಅಲ್ಲಿ ನಿಂತ್ಕೊಂಡು ಸಮುದ್ರ ನೋಡ್ಬೇಕು ರೀ" ಅಂದಿದ್ದಳು. ಅಂದದ್ದೇ ತಪ್ಪಾಯಿತು! ಭಾವ ಆ ಬೆಟ್ಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದರು. ಆದರೆ ಪ್ರತಿವರ್ಷ ರಜೆ ಬಂದಾಗ ಮೈಸೂರಿನಲ್ಲಿ ಯಾರದೋ ಮದುವೆ, ಯಾರದೋ ಗೃಹಪ್ರವೇಶ. ಗಲ್ಫಿನವರ ರಜೆ ಊರಿಗಲ್ಲದೆ ಇನ್ನೆಲ್ಲಿಗೆ? ಅಕ್ಕನ ಬೆಟ್ಟ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಭಾವನ ಉಪನ್ಯಾಸ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ.

ಶುಕ್ರವಾರ ದೋಹಾದ ನಮ್ಮ ಮನೆಗೆ ಊಟಕ್ಕೆ ಬಂದರೆ ತಟ್ಟೆಯಲ್ಲಿ ಅನ್ನದ ಬೆಟ್ಟ ಏಳುತ್ತಿತ್ತು. "ನೋಡು, ಮೇಲೆ ಹಿಮ. ಮಧ್ಯದಲ್ಲಿ ಬಿಳೀ ಬಿಳೀ ಮನೆಗಳು, ಬಾದಾಮಿ ತೋಟ. ಕೆಳಗೆ ಸಮುದ್ರ." ಸಮುದ್ರ ಅಂದರೆ ನನ್ನ ಹೆಂಡತಿ ಮಾಡಿದ ಸಾರು.

"ಭಾವ, ಬೆಟ್ಟ ಕುಸೀತಾ ಇದೆ. ಊಟ ಮಾಡಿ" ಅನ್ನುತ್ತಿದ್ದೆ ನಾನು.

ಇಷ್ಟಕ್ಕೇ ಬಿಟ್ಟರೆ ಅವರು ಭಾವ ಹೇಗಾದಾರು? ಬೆಟ್ಟ ಹತ್ತುವ ಅಭ್ಯಾಸ ಶುರುವಾಯಿತು. ಕತಾರಿನಲ್ಲಿ ಬೆಟ್ಟವೆಲ್ಲಿ? ದುಖಾನಿನ ಹೊರಗೆ ಒಂದು ಗುಡ್ಡವಿದೆ. ನಮ್ಮ ಚಾಮುಂಡಿ ಬೆಟ್ಟ ಅದನ್ನು ನೋಡಿದರೆ ನಕ್ಕೀತು. ಭಾವ ಆ ಸುಡುಬಿಸಿಲಿನಲ್ಲಿ ಸ್ವೆಟರ್, ಮಂಕಿಟೋಪಿ ಹಾಕಿಕೊಂಡು ಅದನ್ನು ಹತ್ತುತ್ತಿದ್ದರು. ಒಮ್ಮೆ ದಾರಿಹೋಕ ಅರಬ್ಬಿಯೊಬ್ಬ ಜೀಪು ನಿಲ್ಲಿಸಿ, "ಮಾಫಿ ಬರ್ದ್!" ಅಂದನಂತೆ. ಚಳಿಯೇ ಇಲ್ಲವಲ್ಲ ಮಾರಾಯ ಅಂತ. ಭಾವ ಅಚ್ಚಗನ್ನಡದಲ್ಲಿ, "ಬರತ್ತೆ, ತಡಿ" ಅಂದರಂತೆ!

ನಮ್ಮ ಕಟ್ಟಡದ ತಾರಸಿಯನ್ನೂ ಬಿಡಲಿಲ್ಲ. ಬಂದಾಗಲೆಲ್ಲ ಮೇಲೆ ಹೋಗಿ, ಗೋಡೆ ಹಿಡಿದು ನಿಂತು, ಬೆವೆತು ಇಳಿದು ಬರುವರು.

"ಏನು ಭಾವ ಇದು?"

"ಪ್ರಾಕ್ಟೀಸು ಕಣೋ."

ಕೊನೆಗೂ ಒಂದು ವರ್ಷ ಮೈಸೂರಿನಲ್ಲಿ ಯಾರೂ ಮದುವೆಯಾಗಲಿಲ್ಲ. ಹೊರಟರು. ವಿಮಾನ ನಿಲ್ದಾಣದಲ್ಲಿ ನೋಡುತ್ತೇನೆ, ಊರಿಗೆ ಹೊರಟ ಗಲ್ಫಿನವರ ಹಾಗೆ ಹಗ್ಗ ಬಿಗಿದ ದೊಡ್ಡ ಕಾರ್ಟನ್! ನಾಲ್ಕೂ ಕಡೆ ದಪ್ಪಕ್ಷರದಲ್ಲಿ ಭಾವನ ಹೆಸರು. ಒಳಗೆ ಹಾಲಿನಪುಡಿ, ಶರಬತ್ತಿನ ಪುಡಿ, ತಲೆನೋವಿನ ಮುಲಾಮು, ಸೋಪು.

"ಸ್ಪೇನಲ್ಲಿ ನಿಮಗೆ ಯಾರಿದಾರೆ ಭಾವ?"

"ಯಾರೂ ಇಲ್ಲ. ಹಾಗಂತ ಬರಿಗೈಲಿ ಹೋಗಕ್ಕಾಗತ್ತಾ? ಉಳ್ಕೊಳೋ ಮನೆಯವರಿಗೆ ಕೊಟ್ರಾಯ್ತು. ಯಲ್ಲಾ, ನಡಿ, ಎತ್ತು!"

ಸ್ಪೇನಿನ ಯಾವುದೋ ಅಜ್ಜಿ ಹಾಲಿನಪುಡಿ ಹಿಡಿದುಕೊಂಡು ಏನು ಮಾಡಿಯಾಳು ಅಂತ ಮನೆವರೆಗೂ ನಗುತ್ತಾ ಬಂದೆ.

ತಿರುಗಿ ಬಂದ ಮೇಲಿನ ಶುಕ್ರವಾರ ಭಾವ ಕೈತೊಳೆಯಲು ಹೋದಾಗ ಅಕ್ಕನನ್ನು ಕೆಣಕಿದೆ. "ಹೇಗಿತ್ತೇ ಪರ್ವತಾರೋಹಣ?"

ಅಕ್ಕ ನಗಲಿಲ್ಲ. "ಅವರಿಗೆ ಎತ್ತರ ಅಂದ್ರೆ ಜೀವಭಯ ಕಣೋ. ಮೊದಲಿಂದ್ಲೂ. ಯಾರಿಗೂ ಹೇಳ್ಬೇಡ ಅಂದಿದ್ರು. ಬಸ್ಸು ಮೊದಲನೇ ತಿರುವು ತಿರುಗಿದಾಗ ಮುಚ್ಚಿದ ಕಣ್ಣು ಮೇಲೆ ಹೋಗೋವರೆಗೂ ಬಿಡ್ಲಿಲ್ಲ. ಇಳಿದ ಕಡೆನೇ ಬೆಟ್ಟದಂಚು. 'ಬೇಡ ರೀ, ವಾಪಸ್ ಹೋಗೋಣ' ಅಂದೆ. ಕೇಳ್ಲಿಲ್ಲ. ಅಂಚಿನ ಹತ್ರ ಆ ಕಾರ್ಟನ್ ಇಟ್ಟು, ಸಮುದ್ರಕ್ಕೆ ಬೆನ್ನು ಹಾಕಿ ಅದರ ಮೇಲೆ ಕೂತ್ರು. ನನ್ನ ಸೆರಗು ಹಿಡ್ಕೊಂಡು, 'ನಾನು ಇಲ್ಲೇ ಇರ್ತೀನಿ, ನೀನು ನೋಡು. ಏನೇನು ಕಾಣತ್ತೆ ಹೇಳ್ತಾ ಹೋಗು' ಅಂದ್ರು."

"ಹೇಳಿದ್ಯಾ?"

"ಎಲ್ಲಾ ಹೇಳ್ದೆ. ಕೊನೆವರೆಗೂ ಹಿಂದೆ ತಿರುಗಿ ನೋಡ್ದೆ ಕೇಳಿಸ್ಕೊಂಡ್ರು."

ತಾರಸಿಯಲ್ಲಿ ಗೋಡೆ ಹಿಡಿದು ಬೆವೆಯುತ್ತಿದ್ದ ಭಾವ ಕಣ್ಣಮುಂದೆ ಬಂದರು.

ಅಷ್ಟರಲ್ಲಿ ಅವರೇ ಬಂದು ಕೂತು ತಟ್ಟೆಯಲ್ಲಿ ಅನ್ನದ ಬೆಟ್ಟ ಎಬ್ಬಿಸಿದರು. "ನೋಡು, ಇಲ್ಲಿ ನಿಂತ್ರೆ ಸಮುದ್ರ ಹೇಗೆ ಕಾಣತ್ತೆ ಗೊತ್ತಾ..."

"ಹೇಳಿ ಭಾವ" ಅಂದೆ. ಸಮುದ್ರಕ್ಕೆ ಇನ್ನೊಂದು ಸೌಟು ಸಾರು ಬಡಿಸಿದೆ.