ಕೊನೆಯ ಬೆಂಚಿನ ಹಂಚಿಕೆ

ಆ ಚರ್ಚಿನಲ್ಲಿ ಒಟ್ಟು ಹದಿನಾಲ್ಕು ಬೆಂಚುಗಳಿದ್ದವು. ಅವುಗಳಲ್ಲಿ ಕೊನೆಯದು ಒಂದೇ ಒಂದು. ಮುಂದೆ ಉದ್ಭವಿಸಿದ ಸಕಲ ತೊಂದರೆಗಳಿಗೂ ಈ ಕೊರತೆಯೇ ಮೂಲ ಕಾರಣವೆಂದು ಸಭಾ ಮಂಡಳಿಯ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ.

ಆ ಬೆಂಚುಗಳನ್ನು ಒರೆಸುತ್ತಿದ್ದವನು ಗಂಟೆಯಣ್ಣ. ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಆರಾಧನೆ ಮುಗಿದ ಮೇಲೆ ಹಿಂದಿನ ಅಡುಗೆಕೋಣೆಯಿಂದ ಸಾರಿನ ಹಂಡೆ ಹೊತ್ತು ತರುವುದು, ಎಲ್ಲವೂ ಅವನದೇ ಕೆಲಸ. ಆದರೆ ಜನರಿಗೆ ಕೇಳಿಸುತ್ತಿದ್ದುದು ಗಂಟೆ ಮಾತ್ರವಾದ್ದರಿಂದ ಹೆಸರು ಅದರಿಂದಲೇ ಬಂದಿತ್ತು. ಅವನ ತಾಯಿ ಮೂವತ್ತು ವರ್ಷ ಆಸ್ಪತ್ರೆಯ ಒಗೆತದ ಕೋಣೆಯಲ್ಲಿ ಒದ್ದೆ ನೆಲದ ಮೇಲೆ ನಿಂತು ರೋಗಿಗಳ ಹಾಸಿಗೆ ಬಟ್ಟೆ ಒಗೆದವಳು. ಅವಳ ಮಂಡಿಗಳು ಅವಳಿಗಿಂತ ಆರು ವರ್ಷ ಮೊದಲೇ ನಿವೃತ್ತಿಯಾಗಿದ್ದವು.

ಪ್ರತಿ ಭಾನುವಾರ ಅವಳು ಕೊನೆಯ ಬೆಂಚಿನಲ್ಲಿ, ಬಾಗಿಲ ಕಡೆಯ ತುದಿಯಲ್ಲಿ ಕೂರುತ್ತಿದ್ದಳು. ಬಾಗಿಲವರೆಗೆ ಮಗ ಹೊತ್ತು ತರುತ್ತಿದ್ದ, ಅಲ್ಲಿಂದ ಬೆಂಚಿಗೆ ನಾಲ್ಕು ಹೆಜ್ಜೆ. ಐದನೆಯ ಹೆಜ್ಜೆ ಅವಳಿಂದ ಆಗುತ್ತಿರಲಿಲ್ಲ. ಆರಾಧನೆಯ ನಂತರ ಮಾಂಸದ ಸಾರು, ಬ್ರೆಡ್ಡು. ಬಡವರು ಹಿಂದೆಯೇ ಕೂರುತ್ತಾರೆಂದು ಬಲ್ಲ ಯಾರೋ ಪುಣ್ಯಾತ್ಮರು ಹಿಂದೊಮ್ಮೆ ದತ್ತಿ ಬರೆದಿಟ್ಟು, ಚರ್ಚಿನ ಕೊನೆಯ ಬೆಂಚಿನಿಂದಲೇ ಬಡಿಸಲು ಶುರು ಮಾಡಬೇಕೆಂದು ವಿಧಿಸಿದ್ದರು. ಮಿಕ್ಕ ಆರು ದಿನ ತಾಯಿ ಮಗ ಗಂಜಿಯಲ್ಲಿ ಕಾಲ ಹಾಕುತ್ತಿದ್ದರು. ಅವಳ ಮೈಗೆ ಬಲ ಬರುತ್ತಿದ್ದುದು ಆ ಒಂದು ಬಟ್ಟಲಿನಿಂದ.

"ಲೋ, ಪಾದ್ರಿ ಮಾತು ನಂಗೆ ಅರ್ಧ ಕೇಳಲ್ಲ. ಸಾರಿನ ಘಮ ಮಾತ್ರ ಪೂರ್ತಿ ಬರುತ್ತೆ," ಎನ್ನುತ್ತಿದ್ದಳು.

ಒಂದು ಭಾನುವಾರ ಪಾದ್ರಿಗಳು ದೀನತೆಯ ಬಗ್ಗೆ ಬೋಧಿಸಿದರು. ಔತಣಕ್ಕೆ ಹೋದರೆ ಮೇಲಿನ ಜಾಗ ಹಿಡಿಯಬೇಡಿ, ಕಟ್ಟಕಡೆಯ ಜಾಗದಲ್ಲಿ ಕೂರಿ, ಕರೆದವನೇ ಬಂದು ನಿಮ್ಮನ್ನು ಮೇಲಕ್ಕೆ ಕರೆದೊಯ್ಯುತ್ತಾನೆ ಎಂದು ಕ್ರಿಸ್ತನ ಮಾತನ್ನು ಬಿಡಿಸಿ ಹೇಳಿದರು. ಬೋಧನೆಗೆ ಎರಡನೆಯ ಭಾಗವೂ ಇತ್ತು: ನೀವೇ ಔತಣ ಮಾಡಿದಾಗ ಬಡವರನ್ನು, ಕುಂಟರನ್ನು ಕರೆಯಿರಿ ಎಂಬುದು. ಅಷ್ಟು ಹೊತ್ತಿಗೆ ಮುಂದಿನ ಬೆಂಚುಗಳ ಗಣ್ಯರೆಲ್ಲ ಕತ್ತು ತಿರುಗಿಸಿ, ಬಾಗಿಲ ಬಳಿಯ ಬೆಂಚು ಎಷ್ಟುದ್ದವಿದೆ ಎಂದು ಕಣ್ಣಳತೆ ಮಾಡುತ್ತಿದ್ದುದರಿಂದ ಆ ಭಾಗ ಯಾರ ಗಮನಕ್ಕೂ ಬರಲಿಲ್ಲ.

ಮುಂದಿನ ಭಾನುವಾರ ಗಂಟೆಯಣ್ಣ ಆರು ಗಂಟೆಗೆ ಬಾಗಿಲು ತೆಗೆಯಲು ಬಂದರೆ, ಮೆಟ್ಟಿಲ ಮೇಲೆ ಮರದ ಡಿಪೋ ಯಜಮಾನರು ಕೂತಿದ್ದರು. ಅವರು ಸಭಾ ಮಂಡಳಿಯ ಅಧ್ಯಕ್ಷರು. ಅವರ ಹಿಂದೆ ಮಂಡಳಿಯ ಕಾರ್ಯದರ್ಶಿ, ಅಂದರೆ ನಿವೃತ್ತ ಹೆಡ್ ಕ್ಲಾರ್ಕು. ಅವರ ಹಿಂದೆ ಡಾಕ್ಟರ ಹೆಂಡತಿ.

"ಏನು ಯಜಮಾನ್ರೇ, ಇಷ್ಟು ಬೇಗ?"

"ಕೊನೇ ಜಾಗ ಸಿಗಬೇಕಲ್ಲಪ್ಪ. ನಮ್ಮಂಥ ಕ್ಷುದ್ರರಿಗೆ ಬೇರೆ ಜಾಗ ಎಲ್ಲಿದೆ?"

"ನಾನು ನಿಮಗಿಂತ ಕ್ಷುದ್ರ," ಎಂದರು ಹೆಡ್ ಕ್ಲಾರ್ಕು, ತುಸು ಖಾರವಾಗಿಯೇ.

ತಾಯಿ ಬರುವಾಗ ಐವರ ಬೆಂಚಿನಲ್ಲಿ ಏಳು ಜನ ದೀನರು ಒತ್ತಿಕೊಂಡಿದ್ದರು. ಅವಳು ಮಗನ ಹೆಗಲು ಹಿಡಿದು ನಾಲ್ಕು ಹೆಜ್ಜೆ ಇಟ್ಟು ನಿಂತಳು.

"ಸ್ವಲ್ಪ ಸರ್ಕೊಳ್ರಪ್ಪಾ."

"ಮುಂದೆ ಹೋಗಮ್ಮ," ಎಂದರು ಯಜಮಾನರು, ಅತ್ಯಂತ ಪ್ರೀತಿಯಿಂದ. "ಮೊದಲನೇ ಬೆಂಚು ಪೂರ್ತಿ ಖಾಲಿ. ನನ್ನ ದಿಂಬೂ ಅಲ್ಲೇ ಇದೆ."

"ಮುಂದೆ ಹೋಗಕ್ಕೆ ಮಂಡಿ ಬಿಡಲ್ಲ. ನಂಗೆ ಇಲ್ಲೇ ಸಾಕು."

"ನೋಡಿದ್ರಾ," ಎಂದು ಡಾಕ್ಟರ ಹೆಂಡತಿ ನಿಟ್ಟುಸಿರಿಟ್ಟರು. "ಕಡೇ ಜಾಗವೇ ಆಗಬೇಕಂತೆ. ಏನು ಆಸೆಯೋ ಈ ಜನಕ್ಕೆ!"

ಮೊದಲ ಬೆಂಚಿಗೆ ಮೂವತ್ತೊಂದು ಹೆಜ್ಜೆ. ಮೂರು ಕಡೆ ನಿಂತು, ಮಗ ಅಷ್ಟು ದೂರವೂ ಎತ್ತಿಕೊಂಡೇ ಒಯ್ದು ಕೂರಿಸಿದ. ಆರಾಧನೆ ಮುಗಿದ ಮೇಲೆ ದತ್ತಿಯ ನಿಯಮದಂತೆ ಹಿಂದಿನಿಂದ ಬಡಿಸಿದ. ದೀನರು ಬೇಡವೆನ್ನಲಿಲ್ಲ, ಬೇಡವೆನ್ನುವುದು ಅಹಂಕಾರ. ಎರಡನೆಯ ಸಲ ಕೇಳಿದರೆ ಇನ್ನಷ್ಟು ತಗ್ಗಿದಂತಾಗುತ್ತದೆಂದು ಎರಡನೆಯ ಸಲವೂ ಕೇಳಿದರು. ಮೊದಲ ಬೆಂಚಿಗೆ ಬರುವ ಹೊತ್ತಿಗೆ ಸೌಟು ತಳಕ್ಕೆ ತಾಗಿದ ಸದ್ದು ಮಾತ್ರ ಉಳಿದಿತ್ತು.

"ಸದ್ದು ಚೆನ್ನಾಗಿದೆ," ಎಂದಳು ತಾಯಿ. "ಇದಕ್ಕೆ ಬ್ರೆಡ್ಡು ಅದ್ಕೊಂಡು ತಿನ್ಲಾ?"

ಬ್ರೆಡ್ಡೂ ಇರಲಿಲ್ಲ.

ಮರುವಾರ ಬಾಗಿಲಿಗೆ ಪ್ರಕಟಣೆ ಅಂಟಿತು: "ಈ ಮೂಲಕ ಸಮಸ್ತ ಸಭಿಕರಿಗೆ ತಿಳಿಯಪಡಿಸುವುದೇನೆಂದರೆ, ದೀನತೆಗೆ ಬೇಡಿಕೆ ಹೆಚ್ಚಿರುವ ಹಿನ್ನೆಲೆಯಲ್ಲಿ ಕೊನೆಯ ಬೆಂಚಿನ ಆಸನಗಳನ್ನು ಇನ್ನು ಮುಂದೆ ಹಂಚಿಕೆ ಪತ್ರದ ಮೂಲಕವೇ ನೀಡಲಾಗುವುದು. ಅರ್ಜಿದಾರರು ತಾವು ನಿಜಕ್ಕೂ ದೀನರೆಂಬುದಕ್ಕೆ ಇಬ್ಬರು ಪ್ರತಿಷ್ಠಿತ ವ್ಯಕ್ತಿಗಳಿಂದ ದೃಢೀಕರಣ ಪಡೆದಿರತಕ್ಕದ್ದು. ಹಂಚಿಕೆ ಪತ್ರವಿಲ್ಲದೆ ಹಿಂದೆ ಕೂರುವುದನ್ನು ಗರ್ವವೆಂದು ಪರಿಗಣಿಸಲಾಗುವುದು."

ಯಜಮಾನರಿಗೆ ಹೆಡ್ ಕ್ಲಾರ್ಕೂ ಡಾಕ್ಟರ ಹೆಂಡತಿಯೂ ದೃಢೀಕರಿಸಿದರು. ಅವರಿಬ್ಬರಿಗೆ ಯಜಮಾನರು ದೃಢೀಕರಿಸಿದರು, ಎರಡನೆಯ ಸಹಿಯನ್ನು ಅವರು ಒಬ್ಬರಿಗೊಬ್ಬರು ಹಾಕಿಕೊಂಡರು. ಹೀಗೆ ಒಂದೇ ವಾರದಲ್ಲಿ ಅರವತ್ತನಾಲ್ಕು ಜನ ದೀನರಾದರು. ಬೆಂಚು ಸಾಲಲಿಲ್ಲ.

ಮಂಡಳಿ ಕೈಕಟ್ಟಿ ಕೂರಲಿಲ್ಲ. ಹದಿಮೂರನೆಯ ಬೆಂಚನ್ನು ಎತ್ತಿಸಿ ಹದಿನಾಲ್ಕನೆಯದರ ಹಿಂದೆ, ಹೊಸ್ತಿಲಾಚೆ ಹಾಕಿಸಿತು. ಆಗ ಅದು ಕೊನೆಯದಾಯಿತು. ಹದಿನಾಲ್ಕನೆಯದರಲ್ಲಿದ್ದವರು ತಮಗೆ ಬಡ್ತಿ ಸಿಕ್ಕಿತೆಂದು ಅವಮಾನದಿಂದ ಕುದಿದರು. ಅವರಿಗಾಗಿ ಹನ್ನೆರಡನೆಯದನ್ನು ಎತ್ತಿ ಜಗಲಿಗೆ ಹಾಕಲಾಯಿತು. ಹನ್ನೊಂದನೆಯದು ಮೆಟ್ಟಿಲ ಕೆಳಗೆ, ಹತ್ತನೆಯದು ಅಂಗಳಕ್ಕೆ. ಎತ್ತುವವನು ಗಂಟೆಯಣ್ಣನೇ. ಒಂದು ತಿಂಗಳಲ್ಲಿ, ಖಾಲಿಯಾದ ಹದಿನಾಲ್ಕನೆಯದೂ ಸೇರಿ, ಬೆಂಚುಗಳ ಸಾಲು ಅಂಗಳ ದಾಟಿ, ಗೇಟು ದಾಟಿ, ಬೀದಿಯ ಚರಂಡಿ ಅಂಚಿಗೆ ಮುಟ್ಟಿತು. ಅಧ್ಯಕ್ಷರ ಪದವಿಗೆ ತಕ್ಕಂತೆ ಚರಂಡಿಗೆ ಅತಿ ಹತ್ತಿರದ ಆಸನ ಯಜಮಾನರಿಗೇ ಸಂದಿತು. ಕೋಟು ತೊಟ್ಟವರು ಸಾಲಾಗಿ ಬೆಂಚಿನ ಮೇಲೆ ಕಾಯುತ್ತಿರುವುದನ್ನು ಕಂಡು, ಅದಾದ ಎರಡನೆಯ ವಾರದಿಂದ ಅಲ್ಲಿ ಬಸ್ಸೂ ನಿಲ್ಲತೊಡಗಿತು.

ಒಳಗೆ ಉಳಿದದ್ದು ಮೊದಲನೆಯ ಬೆಂಚೊಂದೇ. ಅದರ ಮೇಲೆ ಗಂಟೆಯಣ್ಣನ ತಾಯಿ ಮತ್ತು ದೃಢೀಕರಣ ಸಿಗದ ನಾಲ್ವರು ಕೂತರು. ಮಿಕ್ಕ ಬಡವರು ಗೋಡೆಗೆ ಒರಗಿ ನಿಂತರು. ಎಲ್ಲರ ಮುಂದೆ ಬಂದು ಕೂತಿರುವುದೇಕೆ ಎಂದು ವಿವರಣೆ ಕೇಳಿ ಹೆಡ್ ಕ್ಲಾರ್ಕು ಐವರಿಗೂ ನೋಟಿಸು ಕೊಟ್ಟರು. ಸಾರು ಚರಂಡಿಯ ಕಡೆಯಿಂದ ಶುರುವಾಗಿ ಗೇಟಿನ ಬಳಿ ಮುಗಿಯುತ್ತಿತ್ತು.

ನಾಲ್ಕು ವಾರ ಹೀಗೆ ಹೋದ ಮೇಲೆ ತಾಯಿಯ ಮುಖದಲ್ಲಿ ಮೂಳೆ ಎದ್ದು ಕಾಣಿಸಿತು. ಐದನೆಯ ಭಾನುವಾರ ಅವಳು ಹಾಸಿಗೆಯಿಂದ ಏಳಲಿಲ್ಲ.

"ನೀನು ಹೋಗಿ ಗಂಟೆ ಹೊಡಿ," ಎಂದಳು. "ನನ್ನ ಹೊತ್ಕೊಂಡು ಹೋಗಿ, ಹಸ್ಕೊಂಡಿರೋದನ್ನ ಪಾದ್ರಿಗೆ ತೋರಿಸಿ, ಮತ್ತೆ ಹೊತ್ಕೊಂಡು ಬರೋದು ಯಾಕೆ? ನಿಂಗೂ ಬೆನ್ನಿದೆ."

ಗಂಟೆಯಣ್ಣ ಅಂದು ಎಂಟು ಗಂಟೆಯ ಗಂಟೆಯನ್ನು ಎಂಟೂ ಕಾಲಿಗೆ ಹೊಡೆದ. ಸೋಮವಾರ ತಾಯಿಯ ಹೆಸರಿನಲ್ಲಿ ಅರ್ಜಿ ತುಂಬಿ ಹೆಡ್ ಕ್ಲಾರ್ಕರ ಕೋಣೆಗೆ ಹೋದ. ಅವರು ಕನ್ನಡಕ ಏರಿಸಿ ಓದಿದರು.

"ಬಿಟ್ಟುಕೊಡಲಿರುವ ಸ್ಥಾನಮಾನ ಅಂತ ಒಂದು ಕಾಲಂ ಇದೆ. ಇಲ್ಲಿ 'ಇಲ್ಲ' ಅಂತ ಬರ್ದಿದೀಯಲ್ಲ."

"ಇಲ್ವಲ್ಲ ಸಾರ್."

"ಹಾಗಾದ್ರೆ ದೀನತೆ ಎಲ್ಲಿಂದ ಬಂತು? ಕೆಳಗೆ ಇಳೀಬೇಕು ಅಂದ್ರೆ ಮೊದಲು ಮೇಲೆ ಇರಬೇಕು. ನಿಮ್ಮಮ್ಮ ಮೇಲೆ ಎಲ್ಲಿದ್ರು?"

"ಎಲ್ಲೂ ಇರ್ಲಿಲ್ಲ ಸಾರ್."

"ಅಲ್ಲಿಗೆ ಆಯ್ತಲ್ಲ. ಅವರು ದೀನರಲ್ಲಪ್ಪ, ಬರೀ ಬಡವರು. ಎರಡಕ್ಕೂ ಬೇರೆ ಬೇರೆ ಫೈಲಿದೆ." ಅವರು ಮರುಕದಿಂದಲೇ 'ತಿರಸ್ಕರಿಸಿದೆ' ಎಂಬ ಮೊಹರು ಒತ್ತಿದರು.

ಗಂಟೆಯಣ್ಣ ಮನೆಗೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತು ಇದನ್ನೆಲ್ಲ ಹೇಳಿದ. ತಾಯಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಅಷ್ಟೇನಾ? ಹಾಗಾದ್ರೆ ನಂಗೂ ಏನಾದ್ರೂ ಕೊಡಕ್ಕೆ ಹೇಳೋ. ಇಸ್ಕೊಂಡು ಬಿಟ್ಟುಬಿಡ್ತೀನಿ."

ಗಂಟೆಯಣ್ಣನಿಗೆ ತಮಾಷೆ ಮಾಡಿ ಅಭ್ಯಾಸವಿರಲಿಲ್ಲವಾದ್ದರಿಂದ ಅವನು ಅದನ್ನು ಹಾಗೆಯೇ ಮನವಿಯಾಗಿ ಬರೆದುಕೊಟ್ಟ. ಮಂಡಳಿಗೂ ತಮಾಷೆಯ ಅಭ್ಯಾಸವಿರಲಿಲ್ಲ. ದೀರ್ಘ ಚರ್ಚೆಯಾಯಿತು. ಉಪಾಧ್ಯಕ್ಷರು ತೀರಿಕೊಂಡು ಆ ಸ್ಥಾನ ತೆರವಾಗಿರುವುದರಿಂದ, ಅರ್ಜಿದಾರಳನ್ನು ಭಾನುವಾರ ಎಂಟರಿಂದ ಎಂಟು ಗಂಟೆ ಐದು ನಿಮಿಷದವರೆಗೆ ಉಪಾಧ್ಯಕ್ಷೆಯಾಗಿ ನೇಮಿಸತಕ್ಕದ್ದೆಂದೂ, ಆಕೆ ತಕ್ಷಣ ರಾಜೀನಾಮೆ ಕೊಟ್ಟು ದೀನಳಾಗಿ ಕೊನೆಯ ಬೆಂಚಿಗೆ ಅರ್ಹತೆ ಪಡೆಯತಕ್ಕದ್ದೆಂದೂ, ರಾಜೀನಾಮೆಗೆ ಅಧ್ಯಕ್ಷರ ಸಹಿ ಕಡ್ಡಾಯವೆಂದೂ ನಿರ್ಣಯವಾಯಿತು.

ಭಾನುವಾರ ಮಗ ಅವಳನ್ನು ಬೆನ್ನ ಮೇಲೆ ಹೊತ್ತು ತಂದು ಒಳಗಿನ ಬೆಂಚಿನಲ್ಲಿ ಕೂರಿಸಿದ. ಎಂಟಕ್ಕೆ ಪಾದ್ರಿಗಳು ನೇಮಕಾತಿ ಓದಿದರು. ಎಂಟೂ ಎರಡಕ್ಕೆ ಅವಳು ರಾಜೀನಾಮೆಗೆ ಹೆಬ್ಬೆಟ್ಟು ಒತ್ತಿದಳು. ಗಂಟೆಯಣ್ಣ ಕಾಗದ ಹಿಡಿದು ಜಗಲಿ, ಅಂಗಳ, ಗೇಟು ದಾಟಿ ಓಡಿ ಚರಂಡಿಯ ಬಳಿ ನಿಂತ.

"ಯಜಮಾನ್ರೇ, ಒಂದು ಸಹಿ."

ಯಜಮಾನರು ಕಾಗದ ನೋಡಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. "ಅಯ್ಯೋ! ನಾನ್ಯಾರಪ್ಪ ಒಬ್ಬರ ರಾಜೀನಾಮೆ ಒಪ್ಪೋಕೆ? ನಾನು ಧೂಳು."

"ಧೂಳಾದ್ರೂ ಅಧ್ಯಕ್ಷರು ನೀವೇ ಅಲ್ವಾ?"

"ಆ ಮಾತು ಆಡ್ಬೇಡ! ಆ ಹುದ್ದೆಗೆ ನಾನು ಯೋಗ್ಯನೇ ಅಲ್ಲ."

ಬೆಂಚಿನ ಜನ ಮೆಚ್ಚುಗೆಯಿಂದ ತಲೆದೂಗಿದರು. ಡಾಕ್ಟರ ಹೆಂಡತಿ ಕಣ್ಣೊರೆಸಿಕೊಂಡರು. ಗಂಟೆಯಣ್ಣ ಕಾಗದವನ್ನು ಇನ್ನೂ ಮುಂದಕ್ಕೆ ಚಾಚಿದ.

"ಯಜಮಾನ್ರೇ, ನಮ್ಮಮ್ಮ ಎರಡು ತಿಂಗಳಿಂದ ಸಾರು ಕಂಡಿಲ್ಲ. ಕಾಲಿಗೆ ಬೀಳ್ತೀನಿ."

"ನನ್ನ ಕಾಲಿಗಾ? ಅದು ಇನ್ನೂ ದೊಡ್ಡ ಪಾಪ!" ಎಂದು ಅವರು ಕಾಲನ್ನು ಬೆಂಚಿನ ಮೇಲಕ್ಕೆ ಎಳೆದುಕೊಂಡರು.

ಹೆಡ್ ಕ್ಲಾರ್ಕು ಕೋಟಿನ ಜೇಬಿನಿಂದ ನಿಯಮಾವಳಿ ತೆಗೆದರು. ಸಹಿಯಾಗುವ ತನಕ ಉಪಾಧ್ಯಕ್ಷೆ ಹುದ್ದೆಯಲ್ಲೇ ಇರುತ್ತಾರೆ. ಅಧ್ಯಕ್ಷರು ತಾವು ಅಯೋಗ್ಯರೆಂದು ಸಾಕ್ಷಿಗಳೆದುರು ಘೋಷಿಸಿರುವುದರಿಂದ ಅವರ ಸಕಲ ಅಧಿಕಾರವೂ ಉಪಾಧ್ಯಕ್ಷೆಗೆ ಸೇರುತ್ತದೆ. ಅವರು ಕೈಗಡಿಯಾರ ನೋಡಿಕೊಂಡರು. "ಎಂಟೂ ಐದು. ಸೇರಿತು."

ಗಂಟೆಯಣ್ಣ ನಿಧಾನವಾಗಿ ಒಳಗೆ ಬಂದ.

"ಏನಂತೆ?" ಎಂದಳು ತಾಯಿ.

"ಸಹಿ ಹಾಕಲ್ವಂತೆ. ಈಗ ನೀನೇ ಎಲ್ಲಾದಕ್ಕೂ ಮೇಲಂತೆ."

"ಎಲ್ಲಾದಕ್ಕೂ ಅಂದ್ರೆ? ಸಾರಿಗೂನಾ?"

"ಸಾರಿಗೂ."

ಅವಳು ಬಾಗಿಲ ಕಡೆ ತಿರುಗಿ ನೋಡಿದಳು. "ಪಾತ್ರೆ ಒಳಗೆ ತಾ ಹಾಗಾದ್ರೆ."

ಪಾದ್ರಿಗಳು ಪೀಠದಿಂದ ಕೆಮ್ಮಿದರು. "ಅಮ್ಮಾ, ಇನ್ನೂ ಪ್ರಾರ್ಥನೆಯೇ ಆಗಿಲ್ಲ. ಮೇಲಾಗಿ ದತ್ತಿಯ ಪ್ರಕಾರ ಕೊನೇ ಬೆಂಚಿನಿಂದಲೇ..."

"ಚರ್ಚಿನ ಕೊನೇ ಬೆಂಚು ತಾನೇ ಫಾದರ್? ಚರ್ಚಿನೊಳಗೆ ಬೆಂಚು ಎಷ್ಟಿದೆ, ನೀವೇ ಎಣಿಸಿ."

ಪಾದ್ರಿಗಳು ಎಣಿಸಿದರು. ಬೇಗ ಮುಗಿಯಿತು.

"ಪ್ರಾರ್ಥನೆ ಮಾಡಿ, ನಾನೇನು ಬೇಡ ಅನ್ನಲ್ಲ," ಎಂದಳು ಅವಳು. "ಬಾಯಲ್ಲಿ ಬ್ರೆಡ್ಡಿದ್ರೂ ಆಮೆನ್ ಅನ್ನಬಹುದು. ಲೋ, ಗೋಡೆ ಹತ್ರ ನಿಂತೋರೆಲ್ಲ ಬಂದು ಒಂದು ಕೈ ಹಾಕ್ರೋ, ಈ ಬೆಂಚು ಬಾಗಿಲ ಹತ್ರ ಇಡೋಣ. ನಂಗೆ ನಾಲ್ಕು ಹೆಜ್ಜೆ ಮೇಲೆ ಆಗಲ್ಲ."

ಬೆಂಚು ಹೋಯಿತು. ಹಂಡೆ ಬಂತು. ತಾಯಿಯ ಬಟ್ಟಲಿಗೆ ಮೊದಲ ಸೌಟು ಬಿದ್ದಾಗ ಗಂಟೆಯಣ್ಣ ಬೇರೆ ಕಡೆ ನೋಡುತ್ತ ನಿಂತಿದ್ದ. ಅವಳು ಅರ್ಧ ಬಟ್ಟಲು ಕುಡಿದು, ತೆರೆದ ಬಾಗಿಲಿನಾಚೆ ಬೀದಿಯವರೆಗೆ ಕಣ್ಣು ಹಾಯಿಸಿದಳು.

"ಅವರೆಲ್ಲ ಪಾಪ ಆರು ಗಂಟೆಯಿಂದ ಕೂತಿದ್ದಾರಲ್ಲೋ. ಹೋಗಿ ಕೊಟ್ಟು ಬಾ."

"ನಾವೆಲ್ಲ ತಿಂದು ಉಳಿದ್ರೆ ಕೊಡ್ತೀನಿ."

"ಉಳಿದದ್ದು ಯಾರಿಗೂ ಕೊಡ್ಬಾರ್ದು. ಬಿಸಿ ಇರೋವಾಗ್ಲೇ ತಗೊಂಡು ಹೋಗು. ಒಂದೊಂದೇ ಸೌಟು ಹಾಕು, ಎಲ್ಲರಿಗೂ ಸಾಲುತ್ತೆ."

ಗಂಟೆಯಣ್ಣ ಬೀದಿಗೆ ಹೋಗಿ ಯಜಮಾನರ ಮುಂದೆ ಬಟ್ಟಲು ಹಿಡಿದ. ಅವರು ಅತ್ತಿತ್ತ ನೋಡಿದರು.

"ಇದಕ್ಕೆ ನಾನು ಅರ್ಜಿ ಹಾಕಿಲ್ವಲ್ಲಪ್ಪ?"

"ಅರ್ಜಿ ಬೇಡ್ವಂತೆ."

"ಹಾಗೆಲ್ಲ ಸುಮ್ನೆ ಕೊಟ್ಬಿಡ್ತಾರಾ?" ಎಂದು ಅವರು ಅನುಮಾನದಿಂದಲೇ ಕುಡಿದರು.

ಈಗಲೂ ಇದೇ ವ್ಯವಸ್ಥೆ ಜಾರಿಯಲ್ಲಿದೆ. ಪ್ರತಿ ಭಾನುವಾರ ಎಂಟೂ ಎರಡಕ್ಕೆ ರಾಜೀನಾಮೆ ಪತ್ರ ಚರಂಡಿಯ ತನಕ ಹೋಗಿ, ಎಂಟೂ ಐದಕ್ಕೆ ಸಹಿಯಿಲ್ಲದೆ ವಾಪಸಾಗುತ್ತದೆ. ಉಪಾಧ್ಯಕ್ಷೆಯ ಕೆನ್ನೆ ತುಂಬಿಕೊಂಡಿದೆ. ವಾರ್ಷಿಕ ವರದಿಗಾಗಿ ದೀನತೆಯ ಕುರಿತು ನಾಲ್ಕು ಮಾತು ಹೇಳಬೇಕೆಂದು ಹೆಡ್ ಕ್ಲಾರ್ಕು ಆಕೆಯನ್ನು ಕೇಳಿಕೊಂಡರು. "ಅದಕ್ಕೆಲ್ಲ ಪುರುಸೊತ್ತಿಲ್ಲಪ್ಪ, ಸಾರು ಆರಿಹೋಗುತ್ತೆ," ಎಂದಳು. ಮಾನ್ಯ ಉಪಾಧ್ಯಕ್ಷೆಯವರು ಆ ವಿಷಯದಲ್ಲಿ ತಮಗೆ ಅನುಭವ ಸಾಲದೆಂದು ಒಪ್ಪಿಕೊಂಡರೆಂದು ಹೆಡ್ ಕ್ಲಾರ್ಕು ಬರೆದುಕೊಂಡು, ಬೀದಿಯ ಬೆಂಚುಗಳೆದುರು ನಿಂತು ಗಟ್ಟಿಯಾಗಿ ಓದಿದರು. ಅದೇ ಹೊತ್ತಿಗೆ ಬಸ್ಸು ಬಂದು ನಿಂತದ್ದರಿಂದ ಯಾರಿಗೂ ಒಂದು ಅಕ್ಷರ ಕೇಳಿಸಲಿಲ್ಲ. ವರದಿಯನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು.